ಬೆಟ್ಟದ ಗಾಂಜಾ ತಳಿಗಳೆಲ್ಲ ಕುಳ್ಳಗಿರುತ್ತವೆಯೇ?

ಬೆಟ್ಟದ ಗಾಂಜಾ ನಾಟಿ ತಳಿಗಳು ಕುಳ್ಳಗೆ ಪೊದೆಯಂತೆ ಬೆಳೆಯುವುದೇಕೆ, ತಳಿ ಅಭಿವೃದ್ಧಿಗೆ ಅವುಗಳಿಂದ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ಸಸ್ಯತಳಿ ಶಾಸ್ತ್ರ ಓದಿದವನಾಗಿ ಮೊದಲು ಒಂದು ತಿದ್ದುಪಡಿ ಮಾಡುತ್ತೇನೆ: ಬೆಟ್ಟದ ತಳಿಗಳೆಲ್ಲ ಕುಳ್ಳಗಿರುವುದಿಲ್ಲ.

ನೀವು ಹೇಳುತ್ತಿರುವುದು ಹಿಂದೂಕುಷ್ ಪರ್ವತದ ಗಿಡ. ಅಫ್ಘಾನಿಸ್ತಾನದ ಇಂಥದೊಂದು ಗಿಡದ ಒಣಗಿಸಿಟ್ಟ ಮಾದರಿಯನ್ನು ನೋಡಿದ್ದೇನೆ. ಎಲೆಯ ಬೆರಳುಗಳು ಎಷ್ಟು ಅಗಲವೆಂದರೆ ಒಂದರ ಅಂಚು ಇನ್ನೊಂದರ ಮೇಲೆ ಕುಳಿತಿತ್ತು. ಗೆಣ್ಣಿನಿಂದ ಗೆಣ್ಣಿಗೆ ಎರಡು ಬೆರಳಿನಷ್ಟೂ ಅಂತರವಿರಲಿಲ್ಲ. ಉತ್ತರಾಖಂಡದ ಕುಮಾವೂಂ, ನೇಪಾಳದ ಹಿಮಾಲಯದ ಗಿಡಗಳೋ ಆಳೆತ್ತರ ದಾಟಿ ನಿಲ್ಲುತ್ತವೆ. ಎಲೆ ಸಪೂರ, ಕಾಂಡ ನೀಳ. ಅಲ್ಲಿನ ಜನ ತೊಗಟೆಯಿಂದ ನಾರು ತೆಗೆಯುತ್ತಾರೆ, ಬೀಜದಿಂದ ಚಟ್ನಿ ಅರೆಯುತ್ತಾರೆ.

ಈ ವ್ಯತ್ಯಾಸದ ಹಿಂದಿರುವುದು ಮಳೆ ಮತ್ತು ಮನುಷ್ಯರ ಕೈ. ಹಿಂದೂಕುಷ್‌ನಲ್ಲಿ ಬೇಸಿಗೆ ಒಣ, ಚಳಿ ಬೇಗ ಬರುತ್ತದೆ. ಹಾಗಾಗಿ ಎತ್ತರಕ್ಕೆ ಬೆಳೆಯದೆ ಬೇಗ ಹೂಬಿಟ್ಟು ಮಾಗುವ ಗಿಡಗಳೇ ಉಳಿದುಕೊಂಡವು. ಒಣಹವೆಯಲ್ಲಿ ಒತ್ತೊತ್ತಾದ ಹೂಗೊಂಚಲು ಕೊಳೆಯುವುದಿಲ್ಲ. ಅದೇ ಗೊಂಚಲಿಗೆ ತೇವದ ನಾಡಿನಲ್ಲಿ ಬೂಷ್ಟು ಹಿಡಿಯುತ್ತದೆ. ಈ ಗಿಡದ ಹೂವಿನಲ್ಲಿ ಅಂಟು ಹೆಚ್ಚಿರುವುದಕ್ಕೆ ಎತ್ತರದ ಅತಿನೇರಳೆ ಕಿರಣವೇ ಕಾರಣ ಎನ್ನುವವರಿದ್ದಾರೆ. ನನಗಂತೂ ಆ ಅಂಟಿನಿಂದ ಮಾಡುವ ಚರಸ್‌ಗಾಗಿ ತಲೆಮಾರುಗಳಿಂದ ಬೀಜ ಆರಿಸಿಟ್ಟವರ ಪಾಲೇ ದೊಡ್ಡದಾಗಿ ಕಾಣುತ್ತದೆ.

ತಳಿ ಸಂವರ್ಧಕನಿಗೆ ಇಲ್ಲಿ ಸಿಗುವ ನಿಜವಾದ ಸೊತ್ತು ಬೇಗ ಮಾಗುವ ಗುಣ. ಗಾಂಜಾ ಹಗಲು ಕಿರಿದಾದಾಗ ಹೂಬಿಡುವ ಸಸ್ಯ. ಉಷ್ಣವಲಯದ ತಳಿಗಳನ್ನು ಉತ್ತರದ ದೇಶಗಳಲ್ಲಿ ಹಾಕಿದರೆ ಮಾಗುವ ಮೊದಲೇ ಹಿಮ ಬೀಳುತ್ತದೆ. 1970ರ ದಶಕದಲ್ಲಿ ಕೊಲಂಬಿಯಾ ಮತ್ತು ಮೆಕ್ಸಿಕೋ ತಳಿಗಳಿಗೆ ಅಫ್ಘಾನ್ ತಳಿ ಬೆರೆಸಿ ಸ್ಕಂಕ್ ಎಂಬ ಸಂಕರ ಹುಟ್ಟಿದ್ದು ಈ ಕೊರತೆ ನೀಗಲೆಂದೇ. ಆದರೆ ನಾರಿನ ಬೆಳೆಗೆ ಹಿಂದೂಕುಷ್‌ನ ಈ ಕುಳ್ಳ ಗಿಡವೇ ತೊಡಕು: ಗೆಣ್ಣು ಹತ್ತಿರವಾದಷ್ಟೂ ನಾರಿನ ಎಳೆ ಗಿಡ್ಡವಾಗುತ್ತದೆ, ಕವಲು ಹೆಚ್ಚಿದಷ್ಟೂ ಕಾಂಡ ಕೆಡುತ್ತದೆ. ಅದಕ್ಕೆ ಹಿಮಾಲಯದ್ದರಂಥ ನೀಳ ಗಿಡ ಬೇಕು.

ನನಗೆ ಆತಂಕ ಹುಟ್ಟಿಸುವುದು ಬೇರೆ ವಿಷಯ. ಗಾಂಜಾ ಗಂಡು ಹೆಣ್ಣು ಗಿಡಗಳು ಬೇರೆಬೇರೆಯಾಗಿರುವ, ಗಾಳಿಯಲ್ಲಿ ಪರಾಗ ಹರಡುವ ಸಸ್ಯ. ಕಣಿವೆಗೆ ಹೊರಗಿನ ಸಂಕರ ಬೀಜ ಬಂದರೆ ಕೆಲವೇ ವರ್ಷಗಳಲ್ಲಿ ಸ್ಥಳೀಯ ತಳಿ ಕಲಬೆರಕೆಯಾಗುತ್ತದೆ. ಎರಡು ಮೂರು ಚಂದದ ಗಿಡಗಳ ಬೀಜ ಕಾದಿಟ್ಟರೆ ತಳಿ ಉಳಿಯುವುದಿಲ್ಲ. ನೂರಾರು ಗಿಡಗಳಿಂದ, ಎತ್ತರವನ್ನೂ ಇಳಿಜಾರಿನ ದಿಕ್ಕನ್ನೂ ಬರೆದುಕೊಂಡು ಸಂಗ್ರಹಿಸಬೇಕು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ ಇರುವುದರಿಂದ ಈ ಕೆಲಸವನ್ನು ಸರ್ಕಾರದ ಅನುಮತಿ ಪಡೆದ ಸಂಶೋಧಕರೇ ಮಾಡಬೇಕು, ಅದೂ ತಡಮಾಡದೆ.