ದೆಹಲಿ ಪರೇಡಿಗೆ ಟಿಕೆಟ್: ಕುಂಬಳೆ ಊರಿನವರೊಬ್ಬರ ಪ್ರಶ್ನೆಗೆ

ಮಾವನ ಜೊತೆ ದೆಹಲಿಗೆ ಹೋಗಿ ಜನವರಿ 26ರ ಗಣರಾಜ್ಯೋತ್ಸವದ ಪರೇಡ್ ನೋಡಬೇಕು, ಆದರೆ ಟಿಕೆಟ್ಟಿಗೆ ಯಾವಾಗ ನೋಡಿದರೂ ಕೋಟಾ ಮುಗಿದಿದೆ ಅಂತ ಬರ್ತಿದೆ ಅಂದ್ರಲ್ಲ, ನೀವು ಬಹುಶಃ ಮಧ್ಯಾಹ್ನದ ಮೇಲೆ ನೋಡುತ್ತಿದ್ದೀರಿ. ಟಿಕೆಟ್ ಮಾರುವ ರಕ್ಷಣಾ ಸಚಿವಾಲಯದ ಆಮಂತ್ರಣ್ ಜಾಲತಾಣದಲ್ಲಿ ಜನವರಿ ಮೊದಲೆರಡು ವಾರ ದಿನಕ್ಕಿಷ್ಟು ಅಂತ ಟಿಕೆಟ್ ಬಿಡುತ್ತಾರೆ, ಬೆಳಗ್ಗೆ ಶುರುವಾದರೆ ಬೇಗ ಖಾಲಿ. ಹಿಂದಿನ ದಿನವೇ ಮೊಬೈಲ್ ನಂಬರ್ ಹಾಕಿ ನೋಂದಣಿ ಮುಗಿಸಿ, ನಿಮ್ಮದೂ ಮಾವನದೂ ಗುರುತಿನ ಚೀಟಿ ಕೈಯಲ್ಲಿಟ್ಟುಕೊಂಡು ಒಂಬತ್ತಕ್ಕೆ ಮೊದಲೇ ಕೂತುಬಿಡಿ. 2025ರಲ್ಲಿ ದರ 20 ಮತ್ತು 100 ರೂಪಾಯಿ ಇತ್ತು. ಬುಕ್ ಮಾಡುವಾಗ ಕೊಟ್ಟ ಚೀಟಿಯ ಅಸಲನ್ನೇ ಪರೇಡಿಗೆ ಹೋದಾಗ ತೋರಿಸಬೇಕು, ಝೆರಾಕ್ಸ್ ಸಾಲದು.

ರೈಲಿಗೆ ಮಾತ್ರ ಇದನ್ನೆಲ್ಲ ಕಾಯಬೇಡಿ. ಕಾಸರಗೋಡಿನಲ್ಲಿ ನಿಂತು ದೆಹಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ಸಿಗೆ ಈಗಲೇ ಬುಕ್ ಮಾಡಿ, ಬೇಡವಾದರೆ ರದ್ದು ಮಾಡಬಹುದು, ಒಂದಷ್ಟು ದುಡ್ಡು ಹೋಗುತ್ತದೆ ಅಷ್ಟೇ.

ಪರೇಡಿನ ಟಿಕೆಟ್ ಸಿಗದಿದ್ದರೆ ಜನವರಿ 29ರ ಸಂಜೆ ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್, ಅಂದರೆ ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ಸೇನಾ ಬ್ಯಾಂಡುಗಳ ಕಾರ್ಯಕ್ರಮ ನೋಡಿ. ಅದರ ಟಿಕೆಟ್ಟೂ ಅದೇ ಜಾಲತಾಣದಲ್ಲಿ, 2025ರಲ್ಲಿ 100 ರೂಪಾಯಿ, 28ರ ರಿಹರ್ಸಲ್ಲಿಗೆ 20. ಮಾವ ಸೈನ್ಯದಲ್ಲಿದ್ದವರು ಅಂತೀರಿ, ಮೂರೂ ಪಡೆಗಳ ಬ್ಯಾಂಡ್ ಅವರಿಗೆ ಪರೇಡಿಗಿಂತ ಜಾಸ್ತಿ ಹಿಡಿಸೀತು ಅಂತ ನನಗನ್ನಿಸುತ್ತದೆ. ಬ್ಯಾಗು, ನೀರಿನ ಬಾಟಲಿ, ಪವರ್ ಬ್ಯಾಂಕ್ ಲಾಡ್ಜಲ್ಲೇ ಬಿಡಿ. ನಮ್ಮ ಕಡೆಯ ತೆಳು ಸ್ವೆಟರ್ ಆ ಚಳಿಗೆ ಏನೂ ಸಾಲದು, ದಪ್ಪದ್ದು ತಗೊಳ್ಳಿ.