ಎಪ್ಪತ್ತು ವರ್ಷ ಹಳೆಯ ಎಲೆಕ್ಟ್ರಿಕ್ ಗಿಟಾರ್ ವಿನ್ಯಾಸಗಳನ್ನೇ ವಾದಕರು ಇಂದಿಗೂ ಏಕೆ ಆರಿಸಿಕೊಳ್ಳುತ್ತಾರೆ?

ಫೆಂಡರ್ ಕಂಪನಿಯ ಟೆಲಿಕಾಸ್ಟರ್, ಸ್ಟ್ರಾಟೊಕಾಸ್ಟರ್ ಮತ್ತು ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮೂರೂ 1950ರ ದಶಕದ ಮೊದಲ ಭಾಗದಲ್ಲೇ ಬಂದ ಗಿಟಾರ್‌ಗಳು, ಅವುಗಳ ನಾದದಲ್ಲಿ ನಿಜವಾಗಿಯೂ ವ್ಯತ್ಯಾಸವಿದೆಯೇ ಅಥವಾ ಇದೆಲ್ಲ ಹೆಸರಿನ ಮೋಹವೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ, ಗೆಳೆಯರ ಗಿಟಾರ್‌ಗಳ ತಂತಿ, ನಟ್ (ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿ), ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಇವುಗಳನ್ನು ಸರಿಪಡಿಸಿಕೊಡುವ ಅಭ್ಯಾಸವೂ ಇದೆ. ವ್ಯತ್ಯಾಸ ಖಂಡಿತ ಇದೆ. ಆದರೆ ಹೆಚ್ಚಿನವರು ಅದನ್ನು ಮರದಲ್ಲಿ ಹುಡುಕುತ್ತಾರೆ. ನನ್ನ ಪ್ರಕಾರ ಅದು ಇರುವುದು ತಂತಿಯ ಉದ್ದದಲ್ಲಿ, ಪಿಕಪ್ ಕೂತಿರುವ ಜಾಗದಲ್ಲಿ, ಮೈಗೆ ಮತ್ತು ಅಂಗೈಗೆ ಒಗ್ಗುವ ಆಕಾರದಲ್ಲಿ. ವಾದಕ ಗಿಟಾರನ್ನು ಮೊದಲು ಒಪ್ಪಿಕೊಳ್ಳುವುದು ಕೈಯಿಂದ. ಕೈಗೆ ಯಾವುದು ಸಲೀಸೋ ಅದನ್ನೇ ಅವನು ಹೆಚ್ಚು ನುಡಿಸುತ್ತಾನೆ, ಹೆಚ್ಚು ನುಡಿಸಿದ್ದೇ ಮುಂದೆ ಅವನ ಧ್ವನಿ ಎನಿಸಿಕೊಳ್ಳುತ್ತದೆ.

ಮೊದಲು ತಂತಿಯ ಉದ್ದವನ್ನು ನೋಡಿ. ನಟ್‌ನಿಂದ ಬ್ರಿಡ್ಜ್‌ವರೆಗೆ, ಅಂದರೆ ಮೈಯ ಮೇಲೆ ತಂತಿಗಳನ್ನು ಹೊತ್ತ ಆಸರೆಯವರೆಗೆ, ಫೆಂಡರ್ ಗಿಟಾರ್‌ಗಳಲ್ಲಿ 25.5 ಇಂಚು, ಗಿಬ್ಸನ್‌ನಲ್ಲಿ ಸುಮಾರು 24.75 ಇಂಚು. ಮುಕ್ಕಾಲು ಇಂಚು ಏನು ಮಹಾ ಎನ್ನಿಸಬಹುದು. ಆದರೆ ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ಏರಿಸಲು ಬೇಕಾದ ಬಿಗಿ ಉದ್ದದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಲೆಕ್ಕ ಹಾಕಿದರೆ ಫೆಂಡರ್‌ನಲ್ಲಿ ಶೇ 6ರಷ್ಟು ಹೆಚ್ಚು ಬಿಗಿ. ಬೆರಳಿಗೆ ಇದು ತಕ್ಷಣ ಗೊತ್ತಾಗುತ್ತದೆ. ಗಿಬ್ಸನ್‌ನಲ್ಲಿ ತಂತಿಯನ್ನು ಪಕ್ಕಕ್ಕೆಳೆದು ಒಂದು ಸ್ವರ ಮೇಲೇರಿಸುವುದು ಸುಲಭ, ಕಂಪನ ಕೊಡುವುದು ಸುಲಭ. ಫೆಂಡರ್‌ನಲ್ಲಿ ತಂತಿ ಕೊಂಚ ಎದುರು ನಿಲ್ಲುತ್ತದೆ, ಮೀಟಿದ ಕ್ಷಣದ ಪೆಟ್ಟು ಸ್ಪಷ್ಟವಾಗಿ ಕೇಳುತ್ತದೆ. ಹೀಗಾಗಿಯೇ ಫೆಂಡರ್‌ಗೆ 9ರ ತಂತಿ (ಅತಿ ಸಣ್ಣ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಭಾಗ), ಗಿಬ್ಸನ್‌ಗೆ 10ರ ತಂತಿ ಹಾಕಿಕೊಳ್ಳುವ ರೂಢಿ ಬೆಳೆದಿದೆ. ಅಮೆರಿಕದ ಬ್ಲೂಸ್ ವಾದಕ ಸ್ಟೀವಿ ರೇ ವಾನ್ ಸ್ಟ್ರಾಟೊಕಾಸ್ಟರ್‌ಗೆ 13ರಷ್ಟು ದಪ್ಪ ತಂತಿ ಹಾಕಿ, ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡು ನುಡಿಸುತ್ತಿದ್ದರು. ಅವರ ನಾದದ ಗುಟ್ಟು ಹುಡುಕಿಕೊಂಡು ಅದೇ ಮಾದರಿಯ ಗಿಟಾರ್ ಕೊಂಡವರು ಬಹಳ ಮಂದಿ. ಅವರ ಬೆರಳುಗಳಿಗಿದ್ದ ಬಲ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬೆರಳಹಲಗೆಯ ಬಾಗನ್ನು ಕಣ್ಣು ಗಮನಿಸುವುದಿಲ್ಲ, ಕೈ ಗಮನಿಸುತ್ತದೆ. ಹಳೆಯ ಫೆಂಡರ್‌ಗಳಲ್ಲಿ ಅದರ ತ್ರಿಜ್ಯ 7.25 ಇಂಚು, ಅಂದರೆ ಹಲಗೆ ಚೆನ್ನಾಗಿ ಉಬ್ಬಿರುತ್ತದೆ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿಯಲು ಇದು ಬಹಳ ಹಿತ. ಆದರೆ ತಂತಿಗಳನ್ನು ತಗ್ಗಿಸಿ ಮೇಲಿನ ಫ್ರೆಟ್‌ಗಳಲ್ಲಿ (ಹಲಗೆಯ ಲೋಹದ ಅಡ್ಡಪಟ್ಟಿಗಳಲ್ಲಿ) ಎಳೆದರೆ ಸ್ವರ ಮುಂದಿನ ಫ್ರೆಟ್‌ಗೆ ತಾಗಿ ಸತ್ತುಹೋಗುತ್ತದೆ. ಗಿಬ್ಸನ್‌ನ ತ್ರಿಜ್ಯ 12 ಇಂಚು. ಹಲಗೆ ಹೆಚ್ಚು ಸಪಾಟು, ಆದ್ದರಿಂದ ಈ ತೊಂದರೆ ಕಡಿಮೆ. ತಾಳ ಹಿಡಿದು ಕಾರ್ಡ್ ನುಡಿಸುವವರು ಒಂದು ಕಡೆ, ತಂತಿ ಎಳೆದು ಆಲಾಪ ಮಾಡುವವರು ಇನ್ನೊಂದು ಕಡೆ ವಾಲಲು ಇದು ದೊಡ್ಡ ಕಾರಣ.

ಇನ್ನು ನಾದ. ತಂತಿ ಮೀಟಿದಾಗ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಉಪಸ್ವರಗಳೂ ಹೊಮ್ಮುತ್ತವೆ. ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಸಣ್ಣ ತಾಮ್ರದ ತಂತಿ. ತನ್ನ ಮೇಲಿರುವ ತಂತಿಯ ತುಣುಕು ಹೇಗೆ ಅಲುಗುತ್ತದೆ ಎಂಬುದಷ್ಟೇ ಅದಕ್ಕೆ ತಿಳಿಯುವುದು. ಬ್ರಿಡ್ಜ್ ಹತ್ತಿರ ಮೂಲಸ್ವರದ ಅಲುಗಾಟ ತೀರ ಕಡಿಮೆ. ಉಪಸ್ವರಗಳ ಪಾಲು ಹೆಚ್ಚಾಗಿ ನಾದ ಚೂಪಾಗುತ್ತದೆ. ನೆಕ್ (ಬೆರಳಹಲಗೆ ಕೂತಿರುವ ಕತ್ತು) ಹತ್ತಿರದ ಪಿಕಪ್‌ಗೆ ಮೂಲಸ್ವರ ತುಂಬಿಕೊಂಡು ಕೇಳಿಸುತ್ತದೆ. 21 ಅಥವಾ 22 ಫ್ರೆಟ್‌ಗಳ ಹಳೆಯ ವಿನ್ಯಾಸಗಳಲ್ಲಿ ನೆಕ್ ಪಿಕಪ್ ಕೂರುವುದು ಸುಮಾರಾಗಿ 24ನೇ ಫ್ರೆಟ್ ಇರಬೇಕಾಗಿದ್ದ ಜಾಗದಲ್ಲಿ, ಎಂದರೆ ಬ್ರಿಡ್ಜ್‌ನಿಂದ ತಂತಿಯ ಕಾಲು ಭಾಗದ ದೂರದಲ್ಲಿ. ಫ್ರೆಟ್ ಒತ್ತದೆ ಬಿಟ್ಟ ತಂತಿಯ ನಾಲ್ಕರಷ್ಟು ಕಂಪನಾಂಕದ ಉಪಸ್ವರ ಅಲ್ಲಿ ನಿಶ್ಚಲ. ಆ ಒಂದು ಉಪಸ್ವರ ಕಳೆದುಹೋದ ದುಂಡನೆಯ ನಾದಕ್ಕೆ ನಮ್ಮ ಕಿವಿ ಒಗ್ಗಿಹೋಗಿದೆ. 24 ಫ್ರೆಟ್‌ಗಳಿರುವ ಗಿಟಾರ್‌ನಲ್ಲಿ ಪಿಕಪ್ ಬ್ರಿಡ್ಜ್ ಕಡೆ ಸರಿಯಲೇಬೇಕು. ಕೆಲವರು ಅಂಥ ಗಿಟಾರ್‌ನ ನೆಕ್ ಪಿಕಪ್ಪನ್ನು ಇಷ್ಟಪಡದಿರುವುದಕ್ಕೆ ಹೀಗೊಂದು ಗಟ್ಟಿ ಕಾರಣವಿದೆ. ಅದನ್ನು ಹಳೆಯದರ ವ್ಯಾಮೋಹ ಎಂದು ತಳ್ಳಿಹಾಕುವುದು ಸರಿಯಲ್ಲ.

ಫೆಂಡರ್‌ನ ಒಂಟಿ ಸುರುಳಿಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್, ತಿಳಿಯಾಗಿ ಕೇಳಿಸುತ್ತದೆ. ಜೊತೆಗೆ ಮನೆಯ ವಿದ್ಯುತ್ತಿನ ಗುಂಯ್ ಸದ್ದನ್ನೂ ಎಳೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಬೇಸ್ ಗಿಟಾರ್‌ನ ದಪ್ಪ ತಂತಿಯ ಮೂರನೇ ಫ್ರೆಟ್‌ನಲ್ಲಿರುವ ಜಿ ಸ್ವರ ಸೆಕೆಂಡಿಗೆ 49 ಆವರ್ತನದ್ದು. ಹೀಗಾಗಿ ಜಿ ಶ್ರುತಿಯ ಹಾಡಿನಲ್ಲಿ ಆ ಗುಂಯ್ ಸದ್ದು ಶ್ರುತಿಗಿಂತ ತುಸು ಮೇಲೆ ನಿಂತು ಕಿವಿಗೆ ಚುಚ್ಚುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಯಲ್ಲಿ ಸ್ಟ್ರಾಟೊಕಾಸ್ಟರ್ ನುಡಿಸಿ ನೋಡಿದವರಿಗೆ ನಾನು ಹೇಳುವುದು ಚೆನ್ನಾಗಿ ಅರ್ಥವಾಗುತ್ತದೆ. ಗಿಬ್ಸನ್‌ನಲ್ಲಿದ್ದ ಸೇತ್ ಲವರ್ ಈ ಸದ್ದನ್ನು ಅಡಗಿಸಲೆಂದೇ ಹಂಬಕರ್ ಎಂಬ ಜೋಡಿ ಸುರುಳಿಯ ಪಿಕಪ್ ರೂಪಿಸಿ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಎರಡು ಸುರುಳಿಗಳನ್ನು ತದ್ವಿರುದ್ಧವಾಗಿ ಜೋಡಿಸಿ, ಅವುಗಳ ಅಯಸ್ಕಾಂತದ ಧ್ರುವಗಳನ್ನೂ ಅದಲುಬದಲು ಮಾಡಿದರೆ ಹೊರಗಿನ ಗುಂಯ್ ಸದ್ದು ಪರಸ್ಪರ ಕಳೆದುಹೋಗುತ್ತದೆ, ತಂತಿಯ ಸದ್ದು ಕೂಡಿಕೊಳ್ಳುತ್ತದೆ. ಎರಡು ಸುರುಳಿಗಳು ಸೇರಿ ಸದ್ದು ಜೋರಾಗುತ್ತದೆ. ತಂತಿಯ ಹೆಚ್ಚು ಅಗಲದ ಭಾಗವನ್ನು ಆಲಿಸುವುದರಿಂದ ತೀಕ್ಷ್ಣತೆ ತಗ್ಗಿ ದಪ್ಪ ನಾದ ಬರುತ್ತದೆ.

ಈ ವಿನ್ಯಾಸಗಳ ಕಥೆಯಲ್ಲಿ ನನಗೆ ಬಹಳ ಪ್ರಿಯವಾದದ್ದು ಲೆಸ್ ಪಾಲ್‌ನ ಎರಡನೇ ಹುಟ್ಟು. 1952ರಲ್ಲಿ ಮಾರುಕಟ್ಟೆಗೆ ಬಂತು, 1957ರಲ್ಲಿ ಹಂಬಕರ್ ಸಿಕ್ಕಿತು. ಇಷ್ಟಾದರೂ ಮಾರಾಟ ಕುಸಿಯಿತು. ಗಿಬ್ಸನ್ ಆ ಆಕಾರವನ್ನೇ ಕೈಬಿಟ್ಟು 1961ರಲ್ಲಿ ಎರಡು ಕೊಂಬಿನ ತೆಳು ಗಿಟಾರ್ ತಂದಿತು. ಅದೇ ಮುಂದೆ ಎಸ್‌ಜಿ ಎಂದು ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಬ್ಲೂಸ್ ಗಾಯಕ ಜಾನ್ ಮೇಯಾಲ್ ತಂಡದಲ್ಲಿದ್ದ ಎರಿಕ್ ಕ್ಲಾಪ್ಟನ್ ಒಂದು ಹಳೆಯ ಲೆಸ್ ಪಾಲನ್ನು ಮಾರ್ಷಲ್ ಕಂಪನಿಯ ಆಂಪ್‌ಗೆ (ಧ್ವನಿವರ್ಧಕಕ್ಕೆ) ಸಿಕ್ಕಿಸಿ, ವಾಲ್ಯೂಮ್ ಏರಿಸಿ ಧ್ವನಿಮುದ್ರಣ ಮಾಡಿದರು. 1966ರಲ್ಲಿ ಅದು ಹೊರಬಂದಾಗ ಯುವ ವಾದಕರು ನಿಂತುಹೋದ ಮಾದರಿಯನ್ನು ಹುಡುಕಿಕೊಂಡು ಹೊರಟರು. 1968ರಲ್ಲಿ ಗಿಬ್ಸನ್ ಅದನ್ನು ಮತ್ತೆ ತಯಾರಿಸತೊಡಗಿತು. ಗುಂಯ್ ಸದ್ದನ್ನು ಅಡಗಿಸಲು ಮಾಡಿದ ಪಿಕಪ್ ವಾಲ್ವ್ ಆಂಪನ್ನು ಒಡೆದ ದನಿಗೆ ತಳ್ಳಿ, ಸ್ವರವನ್ನು ಪಿಟೀಲಿನ ಹಾಗೆ ಎಳೆದು ನಿಲ್ಲಿಸುವುದಕ್ಕೆ ಹೇಳಿ ಮಾಡಿಸಿದಂತಾಯಿತು. ತಯಾರಕರು ಊಹಿಸದೇ ಇದ್ದುದನ್ನು ವಾದಕರು ಕಂಡುಕೊಂಡರು.

ಸ್ಟ್ರಾಟೊಕಾಸ್ಟರ್‌ನಲ್ಲೂ ಇಂಥದ್ದೇ ನಡೆಯಿತು. ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಸ್ವತಃ ಗಿಟಾರ್ ನುಡಿಸುತ್ತಿರಲಿಲ್ಲ. ಹಾಗಾಗಿ ನುಡಿಸುವವರ ದೂರುಗಳನ್ನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದರು. ಟೆಲಿಕಾಸ್ಟರ್‌ನ ಅಂಚು ಮುಂಗೈಗೂ ಪಕ್ಕೆಲುಬಿಗೂ ಒತ್ತುತ್ತದೆ ಎಂದು ವಾದಕರು ಹೇಳಿದ್ದರಿಂದಲೇ 1954ರ ಸ್ಟ್ರಾಟೊಕಾಸ್ಟರ್‌ಗೆ ಮೈಗೆ ಹೊಂದುವ ಬಳುಕು ಬಂತು. ವಾಲ್ಯೂಮ್ ಗುಂಡಿ ಕಿರುಬೆರಳಿಗೆ ಸಿಗುವಷ್ಟು ಹತ್ತಿರದಲ್ಲಿದೆ, ನುಡಿಸುತ್ತಲೇ ಸದ್ದನ್ನು ಏರಿಸಿ ಇಳಿಸಬಹುದು. ಅದರ ಮೂರು ಪಿಕಪ್‌ಗಳಿಗೆ ಮೂರು ನೆಲೆಯ ಸ್ವಿಚ್ ಮಾತ್ರ ಇತ್ತು. ವಾದಕರು ಅದನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿ ಎರಡು ಪಿಕಪ್‌ಗಳನ್ನು ಒಟ್ಟಿಗೆ ನುಡಿಸಿದಾಗ ಗಾಜಿನಂಥ, ತೆಳುವಾದ ಹೊಸ ನಾದ ಹೊರಟಿತು. ಐದು ನೆಲೆಯ ಸ್ವಿಚ್ ಅಧಿಕೃತವಾಗಿ ಬಂದದ್ದು 1977ರಲ್ಲಿ.

ಎಡಗೈಯವರಾದ ಜಿಮಿ ಹೆಂಡ್ರಿಕ್ಸ್ ಬಲಗೈ ಸ್ಟ್ರಾಟೊಕಾಸ್ಟರನ್ನು ತಿರುಗಿಸಿ ತಂತಿ ಕಟ್ಟಿಕೊಂಡದ್ದನ್ನು ಇಲ್ಲಿ ನೆನೆಯಬೇಕು. ಬ್ರಿಡ್ಜ್ ಪಿಕಪ್ ಓರೆಯಾಗಿ ಕೂತಿರುತ್ತದೆ. ಸಣ್ಣ ತಂತಿಗಳ ತುದಿ ಬ್ರಿಡ್ಜ್‌ಗೆ ಹತ್ತಿರ, ದಪ್ಪ ತಂತಿಗಳ ತುದಿ ದೂರ. ಗಿಟಾರ್ ತಿರುಗಿಸಿದಾಗ ಇದು ಅದಲುಬದಲಾಗಿ ದಪ್ಪ ತಂತಿಗಳು ಚುರುಕಾಗಿ, ಸಣ್ಣ ತಂತಿಗಳು ಮೃದುವಾಗಿ ಕೇಳಿಸುತ್ತವೆ.

ಹೆಸರಿನ ಮೋಹದ ಬಗ್ಗೆಯೂ ಕೇಳಿದ್ದೀರಲ್ಲ, ಅದಕ್ಕೆ ಜಿಮ್ಮಿ ಪೇಜ್ ಒಳ್ಳೆಯ ಉದಾಹರಣೆ. ಅವರ ಚಿತ್ರ ಮನಸ್ಸಿಗೆ ಬಂದರೆ ಕೈಯಲ್ಲಿ ಲೆಸ್ ಪಾಲ್ ಇರುತ್ತದೆ. ಆದರೆ ಅವರ ರಾಕ್ ತಂಡ ಲೆಡ್ ಝೆಪ್ಲಿನ್‌ನ 1969ರ ಮೊದಲ ಆಲ್ಬಂನಲ್ಲಿ ಅವರು ಮುಖ್ಯವಾಗಿ ನುಡಿಸಿದ್ದು ಟೆಲಿಕಾಸ್ಟರ್. ಕಣ್ಣು ಹೇಳಿದ್ದನ್ನು ಕಿವಿ ಎಷ್ಟು ಬೇಗ ನಂಬುತ್ತದೆ!

ಮರದ ವಿಚಾರಕ್ಕೆ ಬರುತ್ತೇನೆ. ಗಟ್ಟಿ ಮೈಯ ಗಿಟಾರ್‌ನಲ್ಲಿ ಪಿಕಪ್ ಕೇಳುವುದು ತಂತಿಯನ್ನು. ಮರ ತಂತಿಯ ಶಕ್ತಿಯನ್ನು ಅಷ್ಟಿಷ್ಟು ಹೀರಿಕೊಳ್ಳುತ್ತದೆ, ನೆಕ್‌ನ ಕೆಲವು ಜಾಗಗಳಲ್ಲಿ ಸ್ವರ ಬೇಗ ಸಾಯುವುದೂ ಉಂಟು. ಆದರೂ ಪಿಕಪ್ಪನ್ನು ಒಂದೆರಡು ಮಿಲಿಮೀಟರ್ ಎತ್ತಿ ಇಳಿಸಿದರೆ ಆಗುವ ಬದಲಾವಣೆಯ ಮುಂದೆ ಮೈಯ ಮರದ ಜಾತಿ ತರುವ ಬದಲಾವಣೆ ಸಣ್ಣದು ಎಂಬುದು ನನ್ನ ದೃಢ ಅಭಿಪ್ರಾಯ. ಮರ ಮುಖ್ಯವಾಗುವುದು ತೂಕದಲ್ಲಿ ಮತ್ತು ಸ್ಪರ್ಶದಲ್ಲಿ. ಲೆಸ್ ಪಾಲ್ ಎಷ್ಟೋ ಸಲ 4 ಕಿಲೋ ದಾಟುತ್ತದೆ, ಎರಡು ಗಂಟೆ ನಿಂತು ನುಡಿಸಿದ ಮೇಲೆ ಹೆಗಲು ಅದನ್ನು ಮರೆಯುವುದಿಲ್ಲ. ಬೆರಳಹಲಗೆ ಮೇಪಲ್ ಆಗಿದ್ದರೆ ಮೇಲೆ ನುಣುಪಾದ ವಾರ್ನಿಷ್ ಇರುತ್ತದೆ. ರೋಸ್‌ವುಡ್ ಆಗಿದ್ದರೆ ಬರಿಯ ಮರವೇ ಬೆರಳಿಗೆ ತಾಗುತ್ತದೆ. ಆ ರೋಸ್‌ವುಡ್ ನಮಗೆ ಅಪರಿಚಿತವಲ್ಲ. ಬ್ರೆಜಿಲ್‌ನ ಮರ ದುರ್ಲಭವಾದ ಮೇಲೆ ಜಗತ್ತಿನ ಗಿಟಾರ್ ತಯಾರಕರು ಹೆಚ್ಚಾಗಿ ನೆಚ್ಚಿಕೊಂಡದ್ದು ಭಾರತದ ರೋಸ್‌ವುಡ್ಡನ್ನು, ಅಂದರೆ ಕೊಡಗು, ಮಲೆನಾಡುಗಳಲ್ಲಿ ಬೆಳೆಯುವ ನಮ್ಮ ಬೀಟೆಯನ್ನು. 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳು ಬಿಗಿಯಾದಾಗ ತಯಾರಕರು ಬೇರೆ ಮರಗಳ ಕಡೆ ತಿರುಗಿದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ನೀವು ಕರ್ನಾಟಕ ಸಂಗೀತ ಕಲಿತವರೂ ಹೌದು ಎಂದು ಬರೆದಿದ್ದೀರಿ. ಹಾಗಾದರೆ ನಿಮ್ಮ ಕೈಯ ಬೇಡಿಕೆ ಬೇರೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುವುದರಿಂದ ಬೆರಳಿಗೆ ಮರ ತಾಗುವುದೇ ಇಲ್ಲ, ತಂತಿಯನ್ನು ಬೇಕಾದಷ್ಟು ಎಳೆದು ಗಮಕ ತರಬಹುದು. ಗಿಟಾರ್‌ನಲ್ಲಿ ಬೆರಳ ತುದಿ ಹಲಗೆಗೆ ಉಜ್ಜಿ ಎಳೆತವನ್ನು ತಡೆಯುತ್ತದೆ. ಫ್ರೆಟ್‌ಗಳ ನಡುವಿನ ಮರವನ್ನು ತೋಡಿ ತಗ್ಗು ಮಾಡಿದ ಹಲಗೆಗಳು ಇದಕ್ಕೆ ಪರಿಹಾರ. ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಶಕ್ತಿ ತಂಡದಲ್ಲಿ ಇಂಥ ಹಲಗೆಯ ಅಕೌಸ್ಟಿಕ್ ಗಿಟಾರ್ ನುಡಿಸಿದರು. ರಾಕ್ ವಾದಕರಾದ ರಿಚಿ ಬ್ಲ್ಯಾಕ್‌ಮೋರ್, ಇಂಗ್ವೇ ಮಾಲ್ಮ್‌ಸ್ಟೀನ್ ಸ್ಟ್ರಾಟೊಕಾಸ್ಟರ್‌ಗಳಲ್ಲೇ ಹೀಗೆ ತೋಡಿಸಿಕೊಂಡರು. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರು ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದನ್ನು ನೆನೆಯಿರಿ; ಜೋಡಿ ತಂತಿಗಳನ್ನು ಒಟ್ಟಿಗೆ ಎಳೆದು ಎರಡನ್ನೂ ಒಂದೇ ಶ್ರುತಿಯಲ್ಲಿ ನಿಲ್ಲಿಸುವುದು ಬಲು ಕಷ್ಟ. ನುಡಿಸಬೇಕಾದ ಸಂಗೀತವೇ ಅಲ್ಲಿ ವಾದ್ಯದ ರೂಪವನ್ನು ತೀರ್ಮಾನಿಸಿತು. ನಿಮಗೆ ಗಿಡ್ಡ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ), ಸಪಾಟು ಹಲಗೆ, ಎತ್ತರದ ಫ್ರೆಟ್, 9ರ ತಂತಿ ಒಗ್ಗುತ್ತವೆ ಎಂದು ನನಗನ್ನಿಸುತ್ತದೆ.

ಫೆಂಡರೋ ಗಿಬ್ಸನ್ನೋ ಎಂದು ಎರಡೇ ದಾರಿ ಎಂದುಕೊಳ್ಳಬೇಡಿ. 1970ರ ದಶಕದಲ್ಲಿ ರಾಕ್ ವಾದಕ ಎಡ್ಡಿ ವ್ಯಾನ್ ಹೇಲೆನ್ ಸ್ಟ್ರಾಟೊಕಾಸ್ಟರ್ ಆಕಾರದ ಮೈಗೆ ತಾವೇ ಹಂಬಕರ್ ಕೂರಿಸಿಕೊಂಡರು, ಅಲ್ಲಿಂದ ಒಂದು ಹೊಸ ವಂಶವೇ ಬೆಳೆಯಿತು. 1985ರಲ್ಲಿ ಶುರುವಾದ ಪಿಆರ್‌ಎಸ್ ಗಿಟಾರ್ ಕಂಪನಿ 25 ಇಂಚಿನ ತಂತಿಯುದ್ದದ ನಡುದಾರಿ ಹಿಡಿಯಿತು.

ಅಂಗಡಿಗೆ ಹೋದಾಗ ಗಿಟಾರನ್ನು ಮೊದಲು ಆಂಪ್‌ಗೆ ಸಿಕ್ಕಿಸದೆ ನುಡಿಸಿ ನೋಡಿ. ಕೂತು ಒಮ್ಮೆ, ಪಟ್ಟಿ ಹಾಕಿ ನಿಂತು ಒಮ್ಮೆ. 12ನೇ ಫ್ರೆಟ್‌ನ ಮೇಲೆ ಮೂರನೇ ತಂತಿಯನ್ನು ಒಂದು ಸ್ವರ ಎಳೆದು ಸ್ವರ ನಿಲ್ಲುತ್ತದೆಯೇ, ಸಾಯುತ್ತದೆಯೇ ಗಮನಿಸಿ. ಪಿಕಪ್ಪನ್ನು ಮುಂದೆ ಎಂದಾದರೂ ಬದಲಿಸಬಹುದು, ನೆಕ್‌ನ ದಪ್ಪ ಅಂಗೈಗೆ ಹೊಂದದಿದ್ದರೆ ಅದಕ್ಕೆ ಸುಲಭದ ಪರಿಹಾರವಿಲ್ಲ. ಮನೆಗೆ ತಂದ ಮೇಲೆ ನಾದ ಹಿಡಿಸದಿದ್ದರೆ ಹೊಸ ಪಿಕಪ್‌ಗೆ ದುಡ್ಡು ಹಾಕುವ ಮುನ್ನ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದಾಗ ಸಿಂಗಲ್ ಕಾಯಿಲ್‌ಗೂ ತಂತಿಗೂ ನಡುವೆ 2ರಿಂದ 3 ಮಿಲಿಮೀಟರ್ ಅಂತರವಿರಲಿ, ದಪ್ಪ ತಂತಿಗಳ ಕಡೆ ತುಸು ಹೆಚ್ಚು. ತೀರ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಸೆಳೆದು ಸ್ವರ ಅಲೆಯುತ್ತದೆ. ಒಂದೊಂದು ಬದಿಯ ಸ್ಕ್ರೂವನ್ನು ಅರ್ಧ ಅರ್ಧ ಸುತ್ತು ತಿರುಗಿಸಿ, ಪ್ರತಿ ಸಲವೂ ಆರೂ ತಂತಿಗಳನ್ನು ಮೀಟಿ ಕೇಳಿ.