ಹರಿದ ಪೋಸ್ಟರ್ ಮುಖಪುಟಕ್ಕೆ ಯಾಕೆ ಬಂತು ಅಂದ್ರೆ…

ತಿಪಟೂರಿನ ಹಿರಿಯ ಓದುಗರಿಗೆ ನಮಸ್ಕಾರ.

ಸಾರ್, ನಿಮ್ಮ ಪತ್ರ ಓದಿ ಆಫೀಸಲ್ಲಿ ಎಲ್ರೂ ನಕ್ವಿ, ಆಮೇಲೆ ಜಗಳಾನೂ ಆಯ್ತು, ಯಾಕಂದ್ರೆ ನಮ್ಮಲ್ಲೇ ಇಬ್ರು ನಿಮ್ಮ ಪಾರ್ಟಿ. ಪತ್ರ ನೋಡ್ದೆ ಇರೋರಿಗೆ ವಿಷಯ ಇಷ್ಟು: ಹೋದ ಸಂಚಿಕೆ ಮುಖಪುಟಕ್ಕೆ ನಾವು ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಹರಿದ ಪೋಸ್ಟರ್‌ಗಳ ಫೋಟೋ ಹಾಕಿದ್ವಿ. ಇವರು ಕೇಳ್ತಾರೆ, ಜೋಗ ಇಲ್ವಾ, ಬೇಲೂರಿಲ್ವಾ, ಕಸ ನೋಡೋಕೆ ದುಡ್ಡು ಕೊಟ್ಟು ಪತ್ರಿಕೆ ತರಿಸ್ಬೇಕಾ, ಇಂಥದ್ನ ನನ್ನ ಮೊಮ್ಮಗನೂ ಮೊಬೈಲಲ್ಲಿ ತೆಗೀತಾನೆ ಅಂತ.

ಜೋಗದ ಫೋಟೋ ನಮ್ಗೆ ಮಳೆಗಾಲ ಶುರುವಾದ್ರೆ ಸಾಕು ರಾಶಿ ಬರತ್ತೆ ಸಾರ್. ಎಲ್ಲಾ ಚೆನ್ನಾಗೇ ಇರತ್ತೆ, ಎಲ್ಲಾ ಒಂದೇ ಥರ ಇರತ್ತೆ, ಯಾಕಂದ್ರೆ ಎಲ್ರೂ ನಿಲ್ಲೋದು ಅದೇ ಕಂಬಿ ಹತ್ರ. ಅಲ್ಲಿ ಚಂದ ಎಲ್ಲಾ ಜೋಗದ್ದು, ತೆಗೆದವನು ಬಟನ್ ಒತ್ತಿದ್ದು ಅಷ್ಟೇ. ಆ ಗೋಡೆ ವಿಷಯ ಹಾಗಲ್ಲ. ಅದ್ರ ಮೇಲೆ ಎಲೆಕ್ಷನ್ ಪೋಸ್ಟರ್, ಅದ್ರಡಿ ಸಿನಿಮಾ, ಅದ್ರಡಿ ಟ್ಯೂಷನ್ನು, ಮೂಲವ್ಯಾಧಿ ಡಾಕ್ಟ್ರು, ನಾಟಕ ಕಂಪನಿ, ಎಲ್ಲಾ ಮೈದಾ ಅಂಟಲ್ಲಿ ಪದರ ಪದರವಾಗಿ ಕೂತಿವೆ. ಕೆಳಗಡೆ ಅರ್ಧ ಹರಿದಿರೋದು ಮನುಷ್ರು ಮಾಡಿದ್ದಲ್ಲ, ದನ ಮೈದಾ ರುಚಿಗೆ ನೆಕ್ಕಿ ಎಳ್ಕೊಂಡು ತಿಂದಿರೋದು! ನಮ್ಮ ಹುಡುಗ ಅದನ್ನ ತೆಗೆದಿದ್ದು ಬೆಳಿಗ್ಗೆ ಬಿಸಿಲು ಗೋಡೆಗೆ ಓರೆಯಾಗಿ ಸವರ್ಕೊಂಡು ಹೋಗೋ ಹೊತ್ತಲ್ಲಿ, ಆಗ ಹರಿದ ಅಂಚಿಗೊಂದು ಕೂದಲೆಳೆ ನೆರಳು ಬೀಳತ್ತೆ, ಪದರಗಳು ಎದ್ದು ಕಾಣ್ತವೆ. ಮಧ್ಯಾಹ್ನ ಹೋಗಿ ನೋಡಿ, ಅದೇ ಗೋಡೆ ಸಪ್ಪೆ. ಮೊಮ್ಮಗನಿಗೂ ಇದೇ ಪರೀಕ್ಷೆ ಇಡಿ, ಎರಡು ಹೊತ್ತೂ ತೆಗೀಲಿ.

ಇದೇನು ನಮ್ಮ ಹೊಸ ಹುಚ್ಚೂ ಅಲ್ಲ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿನ ತಗಡಿನ ಆಲಿಕೆ ಒಳಗಿಟ್ಟು ತೆಗೆದ, ತಗಡಿಗೆ ಬಿದ್ದ ಬೆಳಕು ಸುತ್ತ ಪ್ರತಿಫಲಿಸಿ ಕಾಯಿ ಮೈಮೇಲೆ ಬರ್ಲಿ ಅಂತ. ಎಕ್ಸ್‌ಪೋಷರ್ರೇ, ಅಂದ್ರೆ ಫಿಲ್ಮಿಗೆ ಬೆಳಕು ಬೀಳಿಸೋ ಹೊತ್ತೇ, ನಿಮಿಷಗಟ್ಲೆ. ಫೋಟೋದಲ್ಲಿ ಅದು ತರಕಾರಿ ಅನ್ಸೋದೇ ಇಲ್ಲ, ಮುದುರ್ಕೊಂಡು ಕೂತ ಪೈಲ್ವಾನನ ಬೆನ್ನು ಅನ್ಸತ್ತೆ. ಫೋಟೋ ಆದ್ಮೇಲೆ ಮಾಡೆಲ್‌ಗಳನ್ನೇ ತಿಂದು ಮುಗಿಸ್ತಿದ್ದ ಪುಣ್ಯಾತ್ಮ, ಅದು ಬೇರೆ ಮಾತು.

ಆದ್ರೆ ನಿಮ್ಮ 'ಕಸ' ಅನ್ನೋ ಮಾತಿಗೆ ನೇರ ಉತ್ರ ಇರೋದು ಇರ್ವಿಂಗ್ ಪೆನ್ ಹತ್ರ. ಈತ ವೋಗ್ ಪತ್ರಿಕೆಗೆ ಫ್ಯಾಷನ್ ಫೋಟೋ ತೆಗೀತಿದ್ದವನು, ಜಗತ್ತಿನ ಸುಂದರಿಯರೆಲ್ಲಾ ಇವನ ಕ್ಯಾಮೆರಾ ಮುಂದೆ ನಿಂತೋರೇ. ಅಂಥವನು 1972ರಲ್ಲಿ ನ್ಯೂಯಾರ್ಕ್ ರಸ್ತೆಯಿಂದ ತುಳಿದು ಬಿಸಾಕಿದ ಸಿಗರೇಟ್ ಮೋಟುಗಳನ್ನ ಸ್ಟುಡಿಯೋಗೆ ತರಿಸಿ, ಹುಡುಗೀರನ್ನ ನಿಲ್ಲಿಸ್ತಿದ್ದ ಶ್ರದ್ಧೇಲೇ ನಿಲ್ಲಿಸಿ ತೆಗೆದ. ಪ್ರಿಂಟ್ ಮಾಡಿದ್ದು ತುಂಬಾ ದುಬಾರಿ ದಾರೀಲಿ, ಕಾಗದಕ್ಕೆ ಕೈಯಾರೆ ಪ್ಲಾಟಿನಂ ಲವಣ ಬಳಿದು, ಪ್ರಿಂಟ್ ಮಾಡಿ, ಮತ್ತೆ ಬಳಿದು, ಮತ್ತೆ ಪ್ರಿಂಟ್ ಮಾಡಿ. ಕಾಗದ ನೀರಲ್ಲಿ ಹಿಗ್ಗಿ ಕುಗ್ಗಿದ್ರೆ ಎರಡ್ನೇ ಸಲ ಚಿತ್ರ ಸರಿಯಾಗಿ ಮೇಲೆ ಕೂರಲ್ಲ ಅಂತ ಕಾಗದನ ಅಲ್ಯೂಮಿನಿಯಂ ಹಾಳೆಗೆ ಅಂಟಿಸಿಕೊಳ್ತಿದ್ದ. 1975ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವನ್ನ ತೂಗು ಹಾಕಿದ್ರು. ಆಗಲೂ ಮುಖ ಸಿಂಡರಿಸಿದೋರು ಇದ್ರು ಸಾರ್, ನೀವೊಬ್ರೇ ಅಲ್ಲ. ಆದ್ರೆ ಆ ಪ್ರಿಂಟಲ್ಲಿ ಸುಟ್ಟ ಕಾಗದದ ಅಂಚು, ಬಿಚ್ಕೊಂಡ ಹೊಗೆಸೊಪ್ಪಿನ ಎಳೆ, ಮಣ್ಣಂಟಿದ ಬ್ರಾಂಡ್ ಹೆಸ್ರು ಎಲ್ಲಾ ಕಾಣೋದು ನೋಡಿದ್ರೆ, ಹಾಳು ದೇವಸ್ಥಾನದ ಕಂಬಗಳ್ನ ನೋಡೋ ಹಾಗೆ ನಿಂತ್ಬಿಡ್ತೀವಿ.

ನಾನು ಹೇಳೋದು ಇಷ್ಟೇ, ಸಿಗರೇಟ್ ಮೋಟು ತನ್ನಷ್ಟಕ್ಕೆ ಚಂದ ಅಂತ ಅಲ್ಲ. ಅದಕ್ಕೆ ಅಷ್ಟು ಕೆಲ್ಸ ಸುರಿದಿದ್ದಕ್ಕೆ ಅದು ಹಾಗಾಯ್ತು. ಈ ಲೆಕ್ಕದಲ್ಲಿ ನಿಮ್ಮ ಸಿಟ್ಟು ಅರ್ಧ ನ್ಯಾಯವಾದದ್ದೇ, ಯಾಕಂದ್ರೆ ಚಿಪ್ಸ್ ಪ್ಯಾಕೆಟ್ ಒಂದು ಮೋರೀಲಿ ಬಿದ್ದಿದ್ರೆ ಬಗ್ಗಿ ಕ್ಲಿಕ್ ಮಾಡಿ ಬ್ಲ್ಯಾಕ್ ಅಂಡ್ ವೈಟ್ ಫಿಲ್ಟರ್ ಹಾಕಿ 'ಆರ್ಟ್' ಅಂತ ಕಳ್ಸೋರು ನಮ್ಗೂ ಬೇಕಾದಷ್ಟು ಜನ ಇದಾರೆ, ಅವನ್ನ ನಾವು ಹಾಕಲ್ಲ. ಇನ್ನೊಂದು ಥರದ್ದಂತೂ ತೆಗೆದೇ ನೋಡಲ್ಲ: ಸಂತೇಲಿ ಕೂತ ಅಜ್ಜಿ ಮುಖದ ಸುಕ್ಕು, ಭಿಕ್ಷೆ ಬೇಡೋ ಮಗುವಿನ ಕಣ್ಣು, ಅವರನ್ನ ಒಂದು ಮಾತೂ ಕೇಳದೆ ಬರೀ ಟೆಕ್ಸ್ಚರ್, ಮೈ ಮೇಲಿನ ವಿನ್ಯಾಸ, ಅಂತ ತೆಗೆದಿರೋದು. ಗೋಡೆಗೆ ಮಾನ ಮರ್ಯಾದೆ ಇಲ್ಲ, ಏನ್ ಬೇಕಾದ್ರೂ ಮಾಡ್ಕೊಳ್ಳಿ. ಮನುಷ್ಯರಿಗೆ ಇದೆ.

ಜರ್ಮನಿಯ ಫೋಟೋಗ್ರಾಫರ್‌ಗಳಾದ ಬರ್ನ್ಡ್ ಮತ್ತೆ ಹಿಲ್ಲಾ ಬೆಕರ್ ದಂಪತಿ ವಿಷಯಾನೂ ಹೇಳ್ಬೇಕು, ಯಾಕಂದ್ರೆ ಅದು ನಮ್ಮ ಕೋಲಾರಕ್ಕೆ ಬರತ್ತೆ. ಬರ್ನ್ಡ್ ಮೊದ್ಲು ತನ್ನೂರ ಕಡೆಯ ಗಣಿ ಕಟ್ಟಡ ಒಂದನ್ನ ಚಿತ್ರ ಬರೀತಿದ್ದ, ಬರೆಯೋಕ್ಕಿಂತ ಬೇಗ ಅದನ್ನ ಕೆಡವ್ತಿದ್ರು, ಅದಕ್ಕೇ ಫೋಟೋ ಹಿಡಿದ. 1959ರಿಂದ ಇಬ್ರೂ ಸೇರಿ ನೀರಿನ ಟ್ಯಾಂಕು, ಕುಲುಮೆ, ಗಣಿ ಗೋಪುರ, ಹೆಚ್ಚಾಗಿ ಇಂಥವನ್ನೇ ತೆಗೆದ್ರು. ಬಿಸಿಲಿದ್ರೆ ತೆಗೀತಿರ್ಲಿಲ್ಲ, ಮೋಡ ಕವಿಯೋವರೆಗೂ ಕಾಯೋರು, ನೆರಳೇ ಬೀಳ್ಬಾರ್ದು ಅಂತ. ನಮ್ಮ ಹುಡುಗನ ಓರೆ ಬಿಸಿಲಿಗೆ ಪೂರಾ ಉಲ್ಟಾ, ಅದೂ ಸರಿ. ಒಂದೇ ಜಾತಿಯ ಒಂಬತ್ತೋ ಹದಿನೈದೋ ಟ್ಯಾಂಕುಗಳನ್ನ ಸಾಲಾಗಿ ಜೋಡ್ಸಿದ್ರೆ ಆಗ ಒಂದೊಂದರ ಮುಖ ಬೇರೆ ಅಂತ ಗೊತ್ತಾಗತ್ತೆ. 1990ರಲ್ಲಿ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿ ಇವರಿಗೆ ಬಹುಮಾನ ಕೊಟ್ಟಿದ್ದು ಫೋಟೋಗ್ರಫಿಗಲ್ಲ, ಶಿಲ್ಪಕಲೆಗೆ!

ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿನ ಗಣಿ ಬಾವಿಗಳ ಮೇಲಿನ ಶಾಫ್ಟ್ ಗೋಪುರಗಳು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೇಡ್ ದಿಬ್ಬಗಳು, ಇವನ್ನ ಹೀಗೆ ಕೂತು ಒಂದೊಂದಾಗಿ ತೆಗೆಯೋರು ಯಾರಾದ್ರೂ ಇದ್ರೆ ನಮ್ಗೆ ಬರೀರಿ, ನಾಲ್ಕಲ್ಲ ಎಂಟು ಪುಟ ಕೊಡ್ತೀವಿ.

ಮೊಮ್ಮಗನಿಗೆ ಹೇಳಿ ಸಾರ್, ಜೂಮ್ ಮಾಡ್ಬೇಡ, ನಡ್ಕೊಂಡು ಹತ್ರ ಹೋಗು, ಫ್ಲ್ಯಾಶ್ ಆಫ್ ಮಾಡು. ತಿಪಟೂರಲ್ಲಿ ಕೊಬ್ಬರಿ ಮಂಡಿ ಇದೆ, ಸುಲಿದ ಸಿಪ್ಪೆ ಗುಡ್ಡೆ ಇದೆ, ತೆಂಗಿನ ನಾರಿದೆ, ಇದಕ್ಕಿಂತ ಏನ್ ಬೇಕು. ಕಳ್ಸೋವಾಗ ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದ್ರೆ ಕಂಪ್ರೆಸ್ ಆಗಿ ಪ್ರಿಂಟಿಗೆ ಬರಲ್ಲ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ. ಚೆನ್ನಾಗಿದ್ರೆ ಹಾಕ್ತೀವಿ. ಚೆನ್ನಾಗಿಲ್ದಿದ್ರೆ ಯಾಕೆ ಅಂತ ಬರೆದು ವಾಪಸ್ ಕಳಿಸ್ತೀವಿ, ತಾತನ ಮುಖ ನೋಡಿ ಮಾರ್ಕ್ಸ್ ಇಲ್ಲ.

– ಸಂಪಾದಕ